ಏರ್‌ಲಾಕ್ ಸುಮ್ಮನಾಯಿತೆಂದು ಬಾಟಲಿಗೆ ತುಂಬಬೇಡಿ

ಅಮೆರಿಕದ ಊರೂರುಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವ ಕನ್ನಡದ ಗೆಳೆಯ ಗೆಳತಿಯರಿಗೆ,



ನಮ್ಮವರ ಮನೆಗಳ ಪಾಟ್‌ಲಕ್‌ಗೆ ಹೋದಾಗ ಬಿಸಿಬೇಳೆ ಬಾತಿನ ಟ್ರೇ, ಕೋಸಂಬರಿಯ ಡಬ್ಬಿಗಳ ಜೊತೆ ಈಗೀಗ ಇನ್ನೊಂದು ವಸ್ತುವೂ ಕಣ್ಣಿಗೆ ಬೀಳುತ್ತಿದೆ. ಕೈಯಲ್ಲಿ ಬರೆದ ಲೇಬಲ್ ಅಂಟಿಸಿದ ಕಂದು ಬಾಟಲಿಗಳು. ಒಂದರ ಮೇಲೆ ‘ಏಲಕ್ಕಿ ವೀಟ್’, ಇನ್ನೊಂದರ ಮೇಲೆ ‘ಬೆಲ್ಲದ ಪೋರ್ಟರ್’. ರುಚಿ ನೋಡಿದ್ದೇನೆ, ಚೆನ್ನಾಗಿರುತ್ತವೆ. ವಾರವಿಡೀ ಕೀಬೋರ್ಡ್ ಕುಟ್ಟುವ ಕೈಗಳು ಶನಿವಾರ ಮಾಲ್ಟ್ ಕಲಕುವುದನ್ನು ನೋಡಿದರೆ ನನಗೆ ಸಂತೋಷವೇ. ಮಿನ್ನೆಸೋಟದ ನನ್ನ ಮನೆಯ ಬೇಸ್‌ಮೆಂಟಿನಲ್ಲಿ ನಾನೂ ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತ ಬಂದವನು.

ಆದರೆ ಆ ಬಾಟಲಿ ಕೈಗೆ ಬಂದಾಗಲೆಲ್ಲ ನಾನೊಂದು ಪ್ರಶ್ನೆ ಕೇಳುತ್ತೇನೆ: “ತುಂಬುವಾಗ ಗ್ರಾವಿಟಿ ಎಷ್ಟಿತ್ತು?” ಹೆಚ್ಚಿನ ಸಲ ಬರುವ ಉತ್ತರ ಇದು: “ನೋಡ್ಲಿಲ್ಲ ಅಂಕಲ್. ಎರಡು ವಾರ ಆಗಿತ್ತು, ಗುಳ್ಳೆ ನಿಂತಿತ್ತು, ತುಂಬಿಬಿಟ್ವಿ.” ಈ ಉತ್ತರವೇ ನನ್ನಿಂದ ಈ ಪತ್ರ ಬರೆಸುತ್ತಿದೆ. ಬಿಯರನ್ನು ಯಾವ ದಿನ ಬಾಟಲಿಗೆ ತುಂಬಬೇಕು ಎಂಬುದನ್ನು ಕ್ಯಾಲೆಂಡರಿಗೂ ಏರ್‌ಲಾಕಿಗೂ ಮುಂದಿನ ವಾರದ ಹಬ್ಬಕ್ಕೂ ಬಿಟ್ಟುಕೊಡಬೇಡಿ, ಗ್ರಾವಿಟಿಯನ್ನು, ಅಂದರೆ ನೀರಿಗೆ ಹೋಲಿಸಿದ ಬಿಯರಿನ ಸಾಂದ್ರತೆಯನ್ನು, ಅಳೆಯುವ ಹೈಡ್ರೋಮೀಟರಿಗೆ ಬಿಡಿ ಎಂದು ಕೇಳಿಕೊಳ್ಳುವುದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಈ ದೇಶದಲ್ಲಿ ಮನೆಯಲ್ಲಿ ಬಿಯರ್ ಮಾಡುವ ಹಕ್ಕು ಬಹಳ ಹಳೆಯದೇನಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಸ್ವಂತಕ್ಕೆ ಮಾತ್ರ, ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಕೊನೆಗೆ ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ಮಾಡುವಂತಿಲ್ಲ. ಆದ್ದರಿಂದ ಊರಿನಲ್ಲಿರುವ ತಮ್ಮನಿಗೆ ಕಿಟ್ ಕೊಂಡೊಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಈ ಪತ್ರ ಇಲ್ಲಿರುವ ನಿಮಗಷ್ಟೇ.

ಎರಡನೆಯದು ಭಯದ ಮಾತು. “ಮನೆಯಲ್ಲಿ ಮಾಡಿದ್ದು” ಎಂದ ಕೂಡಲೇ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಕಳ್ಳಭಟ್ಟಿ ನೆನಪಾಗುತ್ತದೆ. ಅದು ಸಹಜ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಆ ತಲೆಮಾರು ಮರೆತಿಲ್ಲ. ಆದರೆ ಅಲ್ಲಿ ಕೊಂದದ್ದು ಮೆಥನಾಲ್ ಬೆರೆತ ಸಾರಾಯಿ. ಮಾಲ್ಟ್, ಹಾಪ್ಸ್, ನೀರು, ಯೀಸ್ಟ್ ಸೇರಿಸಿ ಹುದುಗಿಸಿದ ಬಿಯರಿನಲ್ಲಿ ಆ ಅಪಾಯ ಇಲ್ಲ. ಭಟ್ಟಿ ಇಳಿಸುವುದು ಬೇರೆಯೇ ಕೆಲಸ, ಈ ದೇಶದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ. ಅದರ ತಂಟೆಗೆ ಹೋಗಲೇಬೇಡಿ. ಬಿಯರಿನ ಅಪಾಯವಿರುವುದು ಗಾಜಿನೊಳಗೆ ಸೇರಿಕೊಳ್ಳುವ ಒತ್ತಡದಲ್ಲಿ. ಅಪ್ಪ ಅಮ್ಮ ಹೆದರುವ ಕಡೆ ಅಪಾಯವಿಲ್ಲ, ನೀವು ನಿಶ್ಚಿಂತೆಯಿಂದಿರುವ ಕಡೆ ಇದೆ.

ಅದು ಹೇಗೆ ಎನ್ನುವುದನ್ನು ಸ್ವಲ್ಪ ಲೆಕ್ಕದೊಂದಿಗೇ ನೋಡೋಣ; ನಿಮ್ಮಲ್ಲಿ ಬಹುಪಾಲು ಜನ ಲೆಕ್ಕಕ್ಕೆ ಹೆದರುವವರಲ್ಲ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಬಕೆಟಿನಲ್ಲಿದ್ದಾಗ ಆ ಅನಿಲ ಏರ್‌ಲಾಕಿನಿಂದ ಹೊರಗೆ ಹೋಗುತ್ತದೆ. ಬಾಟಲಿಗೆ ತುಂಬುವಾಗ ನೀವು ತೂಕ ಮಾಡಿ ಸ್ವಲ್ಪ ಸಕ್ಕರೆ ಸೇರಿಸಿ ಕ್ಯಾಪ್ ಒತ್ತುತ್ತೀರಿ. ಈಗ ಹುಟ್ಟುವ ಅನಿಲಕ್ಕೆ ಹೊರದಾರಿಯಿಲ್ಲ, ಬಿಯರಿನಲ್ಲೇ ಕರಗಿ ನೊರೆ ಕೊಡುತ್ತದೆ. ಒಂದು ಲೀಟರ್ ಬಿಯರಿನಲ್ಲಿ 2.4 ಲೀಟರ್ ಅನಿಲ ಕರಗಿದ್ದರೆ ಅದನ್ನು 2.4 ವಾಲ್ಯೂಮ್ ಎನ್ನುತ್ತಾರೆ; ಸಾಮಾನ್ಯ ಏಲ್‌ಗೆ ಇದು ಹದವಾದ ಮಟ್ಟ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಬಾಟಲಿಯೊಳಗಿನ ಒತ್ತಡ ಸುಮಾರು 26 ಪಿಎಸ್‌ಐ. ಗಾಜು ಅದನ್ನು ಸಲೀಸಾಗಿ ತಡೆಯುತ್ತದೆ.

ಇನ್ನು ಅವಸರದ ಲೆಕ್ಕ. ಹುದುಗುವುದು ಮುಗಿಯದೆ ತುಂಬಿದರೆ, ನೀವು ಹಾಕಿದ ಸಕ್ಕರೆಯ ಜೊತೆ ಮಾಲ್ಟಿನ ಉಳಿದ ಸಕ್ಕರೆಯೂ ಬಾಟಲಿಯೊಳಗೆ ಹೋಗುತ್ತದೆ. ಬಾಟಲಿಯಲ್ಲಿ ಗ್ರಾವಿಟಿ ಒಂದು ಪಾಯಿಂಟ್ ಇಳಿದರೆ, ಅಂದರೆ 0.001ರಷ್ಟು ಇಳಿದರೆ, ಸುಮಾರು ಅರ್ಧ ವಾಲ್ಯೂಮ್ ಅನಿಲ ಹುಟ್ಟುತ್ತದೆ. 1.013ಕ್ಕೆ ಇಳಿಯಬೇಕಾಗಿದ್ದ ಬಿಯರನ್ನು 1.018ರಲ್ಲಿ ತುಂಬಿದಿರಿ ಎನ್ನಿ. ಐದು ಪಾಯಿಂಟ್ ಬಾಕಿ. ಅಂದರೆ ಎರಡೂವರೆ ವಾಲ್ಯೂಮ್ ಹೆಚ್ಚು. ನೀವು ಬಯಸಿದ್ದು 2.4, ಆದದ್ದು 4.9. ಅದೇ 20 ಡಿಗ್ರಿಯಲ್ಲಿ ಒತ್ತಡ 70 ಪಿಎಸ್‌ಐ ಹತ್ತಿರ ಹೋಗುತ್ತದೆ. ಅಂಗಡಿಯ ಬಿಯರ್ ಕುಡಿದು ತೊಳೆದಿಟ್ಟ ಸಾಧಾರಣ 12 ಔನ್ಸ್ ಬಾಟಲಿಯಲ್ಲಿ 3 ವಾಲ್ಯೂಮ್ ಮೀರಿಸಬಾರದು ಎನ್ನುವುದು ಅನುಭವಿಗಳು ಪಾಲಿಸುವ ಮಿತಿ. ಐದು ಪಾಯಿಂಟ್ ವ್ಯತ್ಯಾಸ ನಾಲಿಗೆಗೆ ಸರಿಯಾಗಿ ತಿಳಿಯುವುದೂ ಇಲ್ಲ. ಗಾಜಿಗೆ ಮಾತ್ರ ತಿಳಿಯುತ್ತದೆ.

“ಗುಳ್ಳೆ ನಿಂತಿತ್ತಲ್ಲ?” ಎನ್ನುತ್ತೀರಿ. ಏರ್‌ಲಾಕ್ ಇರುವುದು ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ತಡೆಯುವುದಕ್ಕೆ. ಅಳೆಯುವ ಕೆಲಸ ಅದಕ್ಕೆ ಯಾರೂ ವಹಿಸಿಲ್ಲ. ಪ್ಲಾಸ್ಟಿಕ್ ಬಕೆಟಿನ ಮುಚ್ಚಳ ಒಂದು ಕಡೆ ಸರಿಯಾಗಿ ಕೂರದಿದ್ದರೆ ಅನಿಲ ಆ ಸಂದಿನಿಂದಲೇ ಹೋಗುತ್ತದೆ. ಒಳಗೆ ಹುದುಗುವುದು ಜೋರಾಗಿದ್ದರೂ ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ. ಇದರ ಉಲ್ಟಾ ಸಹ ಉಂಟು. ಹುದುಗುವುದು ಪೂರ್ತಿ ಮುಗಿದ ಮೇಲೆ ಕೋಣೆ ಬೆಚ್ಚಗಾದರೆ, ಹೊರಗಿನ ವಾಯುಭಾರ ಇಳಿದರೆ, ಕರಗಿದ್ದ ಅನಿಲ ಬಿಟ್ಟುಕೊಂಡು ಗುಳ್ಳೆಗಳು ಮತ್ತೆ ಬರುತ್ತವೆ. ಹೀಗೆ ಎರಡು ಕಡೆಗೂ ಸುಳ್ಳು ಹೇಳುವ ಸಾಕ್ಷಿಯನ್ನು ನಂಬಿ ಕ್ಯಾಪ್ ಒತ್ತುವುದು ಹೇಗೆ? ಕಿಟ್ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ “ಎರಡು ವಾರ” ಕೂಡ ಅಂಥದೇ. ಅದನ್ನು ಬರೆದವರಿಗೆ ನಿಮ್ಮ ಕೋಣೆ ಎಷ್ಟು ತಣ್ಣಗಿದೆ, ನಿಮ್ಮ ಯೀಸ್ಟ್ ಪೊಟ್ಟಣ ಎಷ್ಟು ಹಳೆಯದು ಎನ್ನುವುದು ಗೊತ್ತಿರಲಿಲ್ಲ.

ಇಲ್ಲಿನ ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲೆಂದು ಓವನ್ನಿನ ದೀಪ ಹಾಕಿ ಪಾತ್ರೆಯನ್ನು ಒಳಗಿಡುವವರು ನಾವು. ತಣ್ಣನೆಯ ಅಡುಗೆಮನೆಯಲ್ಲಿ ಹಿಟ್ಟು ಹಾಗೇ ಕೂತಿದ್ದರೆ “ಹುದುಗಿ ಆಯಿತು” ಎಂದು ಯಾರೂ ಹೇಳುವುದಿಲ್ಲ, “ಇನ್ನೂ ಏಳಲಿಲ್ಲ” ಎನ್ನುತ್ತಾರೆ. ಬಿಯರಿನ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಎಲ್ಲಿಗೋ ಹೋಗಿಬಿಡುತ್ತದೆ. ಯೀಸ್ಟ್ ಚಳಿಗೆ ಮಲಗಿದ್ದನ್ನು ಕೆಲಸ ಮುಗಿಸಿದ್ದು ಎಂದುಕೊಳ್ಳುತ್ತೇವೆ.

ಅದರ ಫಲ ಏನೆಂದು ಒಂದು ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಪರಿಚಯದ ದಂಪತಿ, ಇಬ್ಬರೂ ಬುದ್ಧಿವಂತರು, ಕೆಲಸದಲ್ಲಿ ಅಚ್ಚುಕಟ್ಟು. ಅಕ್ಟೋಬರಿನಲ್ಲಿ ಐದು ಗ್ಯಾಲನ್ ಪೇಲ್ ಏಲ್ ಹಾಕಿ ಬಕೆಟನ್ನು ಬೇಸ್‌ಮೆಂಟಿನ ಸಿಮೆಂಟ್ ನೆಲದ ಮೇಲೆ ಇಟ್ಟಿದ್ದರು. ಆ ತಿಂಗಳ ಇಲ್ಲಿನ ರಾತ್ರಿಗಳು ನಿಮಗೆ ಗೊತ್ತು. ನೆಲ ತಣ್ಣಗಾಗಿ ಯೀಸ್ಟ್ ಅರ್ಧಕ್ಕೇ ಕೈಬಿಟ್ಟಿತು. ಏರ್‌ಲಾಕ್ ಸುಮ್ಮನಾಯಿತು. ದೀಪಾವಳಿಗೆ ಜನ ಬರುವವರಿದ್ದರು. ತುಂಬಿದರು, ಬಾಟಲಿಗಳನ್ನು ಅಲ್ಲೇ ಪಕ್ಕದ ಅತಿಥಿ ಕೋಣೆಯ ಕ್ಲಾಸೆಟ್ಟಿನಲ್ಲಿ ಜೋಡಿಸಿದರು. ಅಷ್ಟರಲ್ಲಿ ಮನೆಗೆ ಹೀಟಿಂಗ್ ಶುರುವಾಯಿತು. ಬೆಚ್ಚಗಾದ ಕ್ಲಾಸೆಟ್ಟಿನಲ್ಲಿ ಯೀಸ್ಟ್ ಎದ್ದು, ಬಿಟ್ಟ ಕೆಲಸ ಮುಂದುವರಿಸಿತು.

ಅವರು ಕರೆದಾಗ ನಾನು ಹೋಗಿ ನೋಡಿದೆ. ಒಂದು ಬಾಟಲಿ ಒಡೆದು ಅದರ ಚೂರುಗಳು ಪಕ್ಕದವುಗಳನ್ನೂ ಒಡೆದಿದ್ದವು. ಡ್ರೈವಾಲಿನಲ್ಲಿ ಗಾಜಿನ ಚೂರು ನೆಟ್ಟಿತ್ತು, ಬೆರಳಿನಿಂದ ಎಳೆದರೆ ಬರಲಿಲ್ಲ. ಕ್ಲಾಸೆಟ್ಟಿನಲ್ಲೇ ತೂಗುಹಾಕಿದ್ದ ಸೀರೆಗಳ ಕವರುಗಳು ಹರಿದಿದ್ದವು. ಸೀರೆಗಳು ಆ ಕೋಣೆಯಲ್ಲಿ ಉಳಿದುಕೊಂಡಿದ್ದ ಅತ್ತೆಯವರವು. ಒಡೆದ ಹೊತ್ತಿನಲ್ಲಿ ಅವರು ಮೇಲೆ ಮೊಮ್ಮಗುವಿಗೆ ಊಟ ಮಾಡಿಸುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಹೈಡ್ರೋಮೀಟರ್ ಎಲ್ಲಿ ಎಂದು ಕೇಳಿದೆ. ಕಿಟ್ಟಿನ ಪೆಟ್ಟಿಗೆಯಲ್ಲಿತ್ತು, ಪ್ಲಾಸ್ಟಿಕ್ ಕೊಳವೆಯಿಂದ ಹೊರಗೇ ಬಂದಿರಲಿಲ್ಲ.

ಗೆಳೆಯರೇ, ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೆ ನಾವು ಕೊಡುವುದು ಹೆಚ್ಚಾಗಿ ಬೇಸ್‌ಮೆಂಟಿನ ಕೋಣೆಯನ್ನೇ. ಬಾಟಲಿ ಇಡುವುದಕ್ಕೆ ಹುಡುಕುವ ಕತ್ತಲೆಯ, ಹದವಾದ ಬಿಸಿಯ ಜಾಗವೂ ಅಲ್ಲೇ ಇರುತ್ತದೆ. ನಿಮ್ಮ ಹವ್ಯಾಸದ ಬಗ್ಗೆ ಏನೂ ತಿಳಿಯದ, ನಿಮ್ಮನ್ನು ನಂಬಿ ಆ ಕೋಣೆಯಲ್ಲಿ ಮಲಗುವವರ ಪರವಾಗಿ ಕೇಳುತ್ತಿದ್ದೇನೆ: ಆ ಹೈಡ್ರೋಮೀಟರನ್ನು ಹೊರಗೆ ತೆಗೆಯಿರಿ.

ಹೈಡ್ರೋಮೀಟರ್ ಬ್ರೂವರಿಗಳೊಳಗೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಇಂಗ್ಲೆಂಡಿನಲ್ಲಿ. ಹಲ್ ಊರಿನ ಜಾನ್ ರಿಚರ್ಡ್‌ಸನ್ 1784ರಲ್ಲಿ ಅದರ ಬಳಕೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಅದಕ್ಕೂ ಮೊದಲಿನ ಬ್ರೂವರ್‌ಗಳು ಕಣ್ಣು, ಮೂಗು, ನಾಲಿಗೆಯ ಮೇಲೆಯೇ ನಡೆದವರು. ತಲೆತಲಾಂತರದ ಅನುಭವ ಅವರ ಬೆನ್ನಿಗಿತ್ತು. ಆದರೂ ಆ ಕಸುಬಿನವರು ಈ ಉಪಕರಣವನ್ನು ಒಪ್ಪಿಕೊಂಡರು. ಹತ್ತೋ ಹದಿನೈದೋ ಡಾಲರಿಗೆ ಸಿಗುವ ಅದನ್ನು ವಾರಾಂತ್ಯದ ಬ್ರೂವರ್‌ಗಳಾದ ನಾವು ಪೆಟ್ಟಿಗೆಯಲ್ಲೇ ಬಿಡುವುದು ಯಾವ ಧೈರ್ಯದ ಮೇಲೆ?

ಬಳಸುವುದು ಸುಲಭ. ಮೊದಲ ಅಳತೆ ಯೀಸ್ಟ್ ಹಾಕುವ ಮುಂಚೆ. ಅದು 1.052 ಬಂತು ಎನ್ನಿ, ಬರೆದಿಡಿ. ನಿಮ್ಮ ಯೀಸ್ಟ್ ಪೊಟ್ಟಣದ ಮಾಹಿತಿಯಲ್ಲಿ ಅಟೆನ್ಯುಯೇಶನ್ ಎಂಬ ಶೇಕಡಾವಾರು ಇರುತ್ತದೆ. ಅದು ಶೇ 75 ಆದರೆ, 52 ಪಾಯಿಂಟ್‌ಗಳಲ್ಲಿ ಮುಕ್ಕಾಲು ಭಾಗ ಇಳಿದು 13 ಉಳಿಯಬೇಕು. ಅಂದರೆ 1.013ರ ಆಸುಪಾಸು. ಹುದುಗಲು ಬಿಟ್ಟು ಹತ್ತು ದಿನದ ಮೇಲೆ ಎರಡನೆಯ ಅಳತೆ, ಅದಾಗಿ ಮೂರು ದಿನ ಬಿಟ್ಟು ಮೂರನೆಯದು. ಕೊನೆಯ ಎರಡೂ ಒಂದೇ ಸಂಖ್ಯೆಯಾಗಿರಬೇಕು, ಆ ಸಂಖ್ಯೆ ನಿರೀಕ್ಷೆಯ ಆಸುಪಾಸಿನಲ್ಲೂ ಇರಬೇಕು. ಎರಡೂ ಷರತ್ತು ಕೂಡಿದ ಮೇಲೇ ಬಾಟಲಿಯ ಯೋಚನೆ. ಒಂದು ಪಾಯಿಂಟ್ ಇಳಿದಿದ್ದರೂ ಮತ್ತೆ ಮೂರು ದಿನ ಕಾಯಿರಿ.

ಅಳೆಯುವಾಗ ಕೆಲವು ಎಚ್ಚರಗಳಿವೆ. ಉಪಕರಣ ಸರಿಯಿದೆಯೇ ಎಂದು ಮೊದಲು ನೀರಿನಲ್ಲಿ ನೋಡಿ. ಅದರ ಮೇಲೆ ಬರೆದಿರುವ ಉಷ್ಣತೆಯಲ್ಲಿ ಡಿಸ್ಟಿಲ್ಡ್ ನೀರು 1.000 ತೋರಿಸಬೇಕು. 60 ಫ್ಯಾರನ್‌ಹೀಟ್‌ಗೆ ಹೊಂದಿಸಿದ್ದನ್ನು 75 ಡಿಗ್ರಿಯ ಬಿಯರಿನಲ್ಲಿ ಮುಳುಗಿಸಿದರೆ ಸುಮಾರು ಎರಡು ಪಾಯಿಂಟ್ ಕಡಿಮೆ ತೋರಿಸುತ್ತದೆ, ಅದನ್ನು ಕೂಡಿಸಿಕೊಳ್ಳಿ. ಬಿಯರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಕೆಲವು ಸಲ ಸುರಿದು ಅನಿಲ ಬಿಡಿಸಿ. ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡು ಅದನ್ನು ಮೇಲೆತ್ತಿದರೆ ಅಳತೆ ಕೆಡುತ್ತದೆ. ಅಳೆದ ಬಿಯರನ್ನು ಬಕೆಟಿಗೆ ವಾಪಸ್ ಸುರಿಯಬೇಡಿ, ಕುಡಿದು ರುಚಿ ನೋಡಿ. ರಿಫ್ರಾಕ್ಟೋಮೀಟರ್ ಇಟ್ಟುಕೊಂಡವರು ಒಂದು ಮಾತು ನೆನಪಿಡಿ: ಮದ್ಯಸಾರ ಸೇರಿದ ಮೇಲೆ ಅದರ ಅಂಕಿ ನೇರವಾಗಿ ನಂಬುವಂಥದ್ದಲ್ಲ, ತಿದ್ದುಪಡಿಯ ಲೆಕ್ಕ ಹಾಕಬೇಕು. ಬಕೆಟಿನಲ್ಲಿ ತೇಲುತ್ತ ಫೋನಿಗೆ ಅಂಕಿ ಕಳಿಸುವ ಎಲೆಕ್ಟ್ರಾನಿಕ್ ಉಪಕರಣಗಳಿಗೆ ನೊರೆ, ಯೀಸ್ಟ್ ಅಂಟಿಕೊಳ್ಳುತ್ತವೆ. ಇಳಿಮುಖ ಹೇಗೆ ಸಾಗಿದೆ ಎಂದು ನೋಡುವುದಕ್ಕೆ ಅವು ಚೆನ್ನ. ಬಾಟಲಿಗೆ ಒಪ್ಪಿಗೆ ಕೊಡುವುದು ಮಾತ್ರ ಗಾಜಿನ ಹೈಡ್ರೋಮೀಟರಿನ ಕೆಲಸವಾಗಲಿ.

ಸಂಖ್ಯೆ ಅಲುಗದೆ ನಿಂತಿದೆ, ಆದರೆ ಎತ್ತರದಲ್ಲಿ ನಿಂತಿದೆ ಎಂದಾದರೆ? 1.020ರಲ್ಲಿ ಕೂತುಬಿಟ್ಟ ಬಿಯರ್ ಎಲ್ಲರನ್ನೂ ಒಮ್ಮೆ ಕಾಡುತ್ತದೆ. ಯೀಸ್ಟ್ ಸುಸ್ತಾಗಿರಬಹುದು, ಇಲ್ಲವೇ ನಿಮ್ಮ ಮಾಲ್ಟಿನಲ್ಲಿ ಯೀಸ್ಟ್ ತಿನ್ನಲಾಗದ ಸಕ್ಕರೆಗಳೇ ಹೆಚ್ಚಿರಬಹುದು. ಈ ಎರಡನ್ನೂ ಬೇರ್ಪಡಿಸಿ ಹೇಳುವ ಸರಳ ಪರೀಕ್ಷೆ ಇದೆ. ಒಂದು ಲೋಟದಷ್ಟು ಬಿಯರನ್ನು ಶುದ್ಧವಾದ ಬಾಟಲಿಗೆ ತೆಗೆದುಕೊಂಡು, ಅದಕ್ಕೆ ಧಾರಾಳವಾಗಿ ಹೊಸ ಯೀಸ್ಟ್ ಹಾಕಿ, ಬಾಯನ್ನು ಫಾಯಿಲ್‌ನಿಂದ ಸಡಿಲವಾಗಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ಕುಲುಕಿ. ಎರಡು ಮೂರು ದಿನಗಳ ಮೇಲೆ ಅದರ ಗ್ರಾವಿಟಿ ನೋಡಿ. ಅದೂ 1.020ರಲ್ಲೇ ಇದ್ದರೆ ಬಿಯರ್ ನಿಜಕ್ಕೂ ಮುಗಿದಿದೆ. ಅದು 1.013ಕ್ಕೆ ಇಳಿದಿದ್ದರೆ ಬಕೆಟಿನಲ್ಲಿ ಏಳು ಪಾಯಿಂಟ್ ಬಾಕಿ ಇದೆ ಎಂದರ್ಥ. ಬಕೆಟನ್ನು ಬೆಚ್ಚಗಿನ ಕಡೆಗೆ ಸರಿಸಿ, ಮೆಲ್ಲಗೆ ಅಲುಗಾಡಿಸಿ ತಳದ ಯೀಸ್ಟನ್ನು ಎಬ್ಬಿಸಿ. ಆಗಲಿಲ್ಲವೆಂದರೆ ಹೊಸ ಯೀಸ್ಟ್ ಹಾಕಿ. ಯಾವ ಕಾರಣಕ್ಕೂ “ಹೇಗಿದ್ದರೂ ನಿಂತಿದೆಯಲ್ಲ” ಎಂದು ತುಂಬಬೇಡಿ.

ನಮ್ಮ ಕನ್ನಡದ ಬ್ರೂವರ್‌ಗಳಿಗೇ ಮೀಸಲಾದ ಒಂದೆರಡು ಎಚ್ಚರಿಕೆಗಳನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಬೆಲ್ಲ ಹಾಕುತ್ತೇವೆ, ಮಾವಿನ ತಿರುಳು ಹಾಕುತ್ತೇವೆ, ಜೇನು ಹಾಕುತ್ತೇವೆ. ಏಲಕ್ಕಿ, ಕೊತ್ತಂಬರಿ ಬೀಜ ಪರಿಮಳಕ್ಕೆ ಮಾತ್ರ, ಅವುಗಳಿಂದ ತೊಂದರೆಯಿಲ್ಲ. ಬೆಲ್ಲ ಮತ್ತು ಜೇನಿನ ಸಕ್ಕರೆಯನ್ನು ಯೀಸ್ಟ್ ಬಹುತೇಕ ಪೂರ್ತಿ ತಿನ್ನುತ್ತದೆ. ಹುದುಗುವುದು ಮುಗಿದ ಮೇಲೆ ಡಬ್ಬಿ ಮಾವಿನ ತಿರುಳು ಸುರಿದಿರಾದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು; ಹಿಂದಿನ ಅಳತೆಗಳೆಲ್ಲ ರದ್ದು. ಆ ಡಬ್ಬಿಗಳಲ್ಲಿ ಹೆಚ್ಚಿನವುಗಳಿಗೆ ಸಕ್ಕರೆಯನ್ನೂ ಸೇರಿಸಿರುತ್ತಾರೆ, ಚೀಟಿ ಓದಿ. ‘ಮಿಲ್ಕ್ ಸ್ಟೌಟ್’ಗೆ ಹಾಕುವ ಲ್ಯಾಕ್ಟೋಸ್ ಬೇರೆ. ಅದನ್ನು ಬಿಯರ್ ಯೀಸ್ಟ್ ತಿನ್ನಲಾರದು, ಹಾಗಾಗಿ ಕೊನೆಯ ಗ್ರಾವಿಟಿ ಎತ್ತರದಲ್ಲಿ ನಿಲ್ಲುವುದು ಸಹಜ.

ಐಪಿಎ ಪ್ರಿಯರಿಗೆ ಇನ್ನೊಂದು. ಹುದುಗುವುದು ಮುಗಿದ ಬಿಯರಿಗೆ ಒಣ ಹಾಪ್ಸ್ ಹಾಕಿದರೆ ಗ್ರಾವಿಟಿ ಮತ್ತೆ ಇಳಿಯಬಹುದು. ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟಿಗೆ ದಕ್ಕದ ಸಕ್ಕರೆಗಳನ್ನು ಒಡೆದು ದಕ್ಕುವಂತೆ ಮಾಡುತ್ತವೆ. ಇಂಗ್ಲೆಂಡಿನ ಬ್ರೌನ್ ಮತ್ತು ಮಾರಿಸ್ ಎಂಬ ವಿಜ್ಞಾನಿಗಳು 1893ರಲ್ಲೇ ಇದನ್ನು ವರದಿ ಮಾಡಿದ್ದರು. ಹಾಪ್ಸ್ ಧಾರಾಳವಾಗಿ ಸುರಿಯುವ ಈಗಿನ ಕಾಲದಲ್ಲಿ ಬ್ರೂವರ್‌ಗಳು ಇದನ್ನು ಮತ್ತೆ ನೆನಪಿಸಿಕೊಂಡಿದ್ದಾರೆ. ಆದ್ದರಿಂದ ಹಾಪ್ಸ್ ಹಾಕಿದ ಮೇಲೂ ಎರಡು ಸಮ ಅಳತೆ ಬೇಕು. ಸೇಸೋನ್ ಮಾಡುವವರು ಪೊಟ್ಟಣದ ಮೇಲೆ ‘ಡಯಾಸ್ಟಾಟಿಕಸ್’ ಎಂಬ ಪದವಿದೆಯೇ ನೋಡಿ. ಆ ಬಗೆಯ ಯೀಸ್ಟ್ ತಾನೇ ಕಿಣ್ವ ಬಿಟ್ಟು, ಬೇರೆಯವು ಬಿಟ್ಟುಹೋದ ಸಕ್ಕರೆಯನ್ನು ವಾರಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ಅದಕ್ಕೆ ಹೆಚ್ಚು ದಿನ ಕೊಡಿ, ಅಳತೆಗಳ ನಡುವೆ ಮೂರು ದಿನದ ಬದಲು ಒಂದು ವಾರ ಬಿಡಿ.

ಇನ್ನು ಕಣ್ಣು, ಮೂಗು, ನಾಲಿಗೆ. ಅಳತೆಯ ಜೊತೆ ಇವುಗಳಿಗೂ ಕೆಲಸವಿದೆ. ಬೆಣ್ಣೆಯ ವಾಸನೆ, ಹಸಿ ಸೇಬಿನ ವಾಸನೆ ಇದ್ದರೆ ಬಿಯರ್ ಇನ್ನೂ ಎಳೆಯದು, ಇನ್ನೂ ಕೆಲವು ದಿನ ಯೀಸ್ಟಿನ ಮೇಲೇ ಬಿಡಿ. ಮೇಲೆ ಬಿಳಿ ಪೊರೆ ಕಟ್ಟಿದ್ದರೆ, ನೀವು ಬಯಸದ ಹುಳಿ ಬಂದಿದ್ದರೆ, ಬೇರೆ ಸೂಕ್ಷ್ಮಜೀವಿಗಳು ಸೇರಿವೆ. ಅವು ನಿಮ್ಮ ಯೀಸ್ಟ್ ಬಿಟ್ಟದ್ದನ್ನೂ ತಿನ್ನುತ್ತ ಬಾಟಲಿಯಲ್ಲಿ ಅನಿಲ ಹುಟ್ಟಿಸುತ್ತಲೇ ಇರುತ್ತವೆ, ಅಂಥದ್ದನ್ನು ಗಾಜಿಗೆ ತುಂಬಲೇಬೇಡಿ. ಕೊಳೆ ಹೆಚ್ಚಾಗಿ ಅಡಗುವುದು ಗೀರುಬಿದ್ದ ಪ್ಲಾಸ್ಟಿಕ್ಕಿನಲ್ಲಿ, ರಬ್ಬರ್ ಕೊಳವೆಗಳಲ್ಲಿ, ಬಾಟ್ಲಿಂಗ್ ಬಕೆಟಿನ ನಲ್ಲಿಯೊಳಗೆ. ಪ್ರತಿ ಸಲವೂ ನಲ್ಲಿಯನ್ನು ಬಿಚ್ಚಿ ತೊಳೆಯಿರಿ. ಮೊದಲು ಕೊಳೆ ಹೋಗಬೇಕು, ಆಮೇಲೆ ಸ್ಯಾನಿಟೈಸರ್; ಕೊಳೆಯ ಮೇಲೆ ಸ್ಯಾನಿಟೈಸರ್ ಸುರಿದರೆ ಪ್ರಯೋಜನವಿಲ್ಲ.

ಎಲ್ಲ ಸರಿಯಿದೆ, ಸಂಖ್ಯೆಯೂ ನಿಂತಿದೆ ಎಂದಾಗ ಸಕ್ಕರೆಯನ್ನು ತೂಕದ ತಕ್ಕಡಿಯಲ್ಲೇ ಅಳೆಯಿರಿ, ಚಮಚ, ಕಪ್ಪುಗಳ ಲೆಕ್ಕ ಬೇಡ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿದ ಐದು ಗ್ಯಾಲನ್ ಬಿಯರನ್ನು 2.4 ವಾಲ್ಯೂಮ್‌ಗೆ ತರಲು ಅಡುಗೆಮನೆಯ ಸಾಧಾರಣ ಸಕ್ಕರೆ ಸುಮಾರು 113 ಗ್ರಾಂ ಸಾಕು. ತಳದ ಗಸಿ ಬಿಟ್ಟು ನಾಲ್ಕೂವರೆ ಗ್ಯಾಲನ್ ಮಾತ್ರ ಬಂದರೆ ಅಷ್ಟಕ್ಕೇ ಲೆಕ್ಕ ಹಾಕಿ ಸಕ್ಕರೆ ಇಳಿಸಿ. ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಬಾಟ್ಲಿಂಗ್ ಬಕೆಟಿಗೆ ಮೊದಲು ಅದನ್ನು ಹಾಕಿ ಮೇಲೆ ಬಿಯರ್ ಇಳಿಸಿ, ಗಾಳಿ ಸೇರದಂತೆ ಮೆಲ್ಲಗೆ ತಿರುಗಿಸಿ. ಸರಿಯಾಗಿ ಬೆರೆಯದಿದ್ದರೆ ಕೆಲವು ಬಾಟಲಿ ಸಪ್ಪೆ, ಕೆಲವು ಉಗ್ರ. ಬಾಟಲಿಗಳು ಓಪನರ್‌ನಿಂದ ತೆರೆಯುವ ದಪ್ಪ ಗಾಜಿನವಾಗಿರಲಿ. ತಿರುಗಿಸಿ ತೆರೆಯುವ ಬಾಟಲಿ ಬೇಡ, ಬಾಯಿ ಚಕ್ಕೆ ಎದ್ದದ್ದು ಬೇಡ, ಅಲಂಕಾರಕ್ಕೆ ಮಾರುವ ಚೌಕ ಬಾಟಲಿ ಖಂಡಿತ ಬೇಡ. ಪ್ರತಿ ಸಲವೂ ಒಂದು ಸೋಡಾ ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿ ಜೊತೆಗಿಡಿ. ಅದನ್ನು ಹಿಸುಕಿ ನೋಡಿದರೆ ಒಳಗೆ ಒತ್ತಡ ಎಷ್ಟು ಏರಿದೆ ಎಂದು ಗಾಜನ್ನು ಮುಟ್ಟದೆಯೇ ತಿಳಿಯುತ್ತದೆ. ಅದು ಕಲ್ಲಿನಂತಾದ ದಿನ ಎಲ್ಲ ಬಾಟಲಿಗಳೂ ಫ್ರಿಜ್ಜಿಗೆ ಹೋಗಲಿ.

ಒಂದು ಬಾಟಲಿ ತೆರೆದಾಗ ಬುಸ್ಸೆಂದು ಅರ್ಧ ಬಿಯರ್ ಉಕ್ಕಿ ಹೋದರೆ ನಕ್ಕು ಬಿಡಬೇಡಿ, ಉಳಿದವುಗಳಿಗೆ ಅದು ಎಚ್ಚರಿಕೆ. ಕಣ್ಣಿಗೆ ಸೇಫ್ಟಿ ಗ್ಲಾಸ್, ಕೈಗೆ ದಪ್ಪ ಚರ್ಮದ ಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಮಕ್ಕಳನ್ನು, ನಾಯಿಯನ್ನು ಆ ಕೋಣೆಯಿಂದ ಹೊರಗೆ ಕಳಿಸಿ. ಪೆಟ್ಟಿಗೆಯ ಮೇಲೆ ದಪ್ಪ ಟವೆಲ್ ಮುಚ್ಚಿ, ಅಲುಗಾಡಿಸದೆ ತಣ್ಣನೆಯ ಜಾಗಕ್ಕೆ ಸಾಗಿಸಿ. ಚೆನ್ನಾಗಿ ತಣ್ಣಗಾದ ಮೇಲೆ ಒತ್ತಡ ಇಳಿದಿರುತ್ತದೆ, ಆಗ ಒಂದೊಂದೇ ಕ್ಯಾಪ್ ಎತ್ತಿ ಸಿಂಕಿಗೆ ಸುರಿಯಿರಿ. ಐದು ಗ್ಯಾಲನ್ ಹೋಯಿತೆಂದು ದುಃಖಪಡುವಷ್ಟು ಅಮೂಲ್ಯ ಬಿಯರ್ ಯಾವುದೂ ಇಲ್ಲ.

ಈಗ ನನ್ನ ಕೋರಿಕೆಗಳು, ಒಂದೆಡೆ ಕೂಡಿಸಿ.

ಒಂದು, ಪ್ರತಿ ಬ್ಯಾಚಿಗೂ ಒಂದು ಪುಟದ ದಾಖಲೆ ಇರಲಿ: ಆರಂಭದ ಗ್ರಾವಿಟಿ, ನಿರೀಕ್ಷೆಯ ಕೊನೆಯ ಗ್ರಾವಿಟಿ, ಕೊನೆಯ ಎರಡು ಅಳತೆಗಳು, ಅವುಗಳ ದಿನಾಂಕ, ಸಕ್ಕರೆಯ ತೂಕ.

ಎರಡು, ಬಾಟಲಿಗಳನ್ನು ಯಾರೂ ಮಲಗದ ಜಾಗದಲ್ಲಿ, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಡಿ. ಒಡೆದರೂ ಚೂರುಗಳು ಪೆಟ್ಟಿಗೆಯಲ್ಲೇ ಉಳಿಯಲಿ.

ಮೂರು, ಬೇರೆಯವರಿಗೆ ಬಾಟಲಿ ಕೊಡುವಾಗ ಲೇಬಲ್ಲಿನ ಮೇಲೆ ತುಂಬಿದ ದಿನಾಂಕವನ್ನೂ ತುಂಬಿದಾಗಿನ ಗ್ರಾವಿಟಿಯನ್ನೂ ಬರೆಯಿರಿ. ಹೆಸರಿಟ್ಟು ಚಿತ್ರ ಬಿಡಿಸುವಷ್ಟು ಪುರುಸೊತ್ತು ಇದ್ದವರಿಗೆ ಇದೇನೂ ಕಷ್ಟವಲ್ಲ.

ನಾಲ್ಕು, ಬೇಸಿಗೆಯಲ್ಲಿ ಕಾರಿನ ಟ್ರಂಕಿನಲ್ಲಿ ಹಾಗೇ ಇಟ್ಟು ಸಾಗಿಸಬೇಡಿ. ಸರಿಯಾಗಿ ಮಾಡಿದ 2.4 ವಾಲ್ಯೂಮ್ ಬಿಯರಿನ ಒತ್ತಡ ಸಹ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು ಎರಡರಷ್ಟಾಗುತ್ತದೆ. ಐಸ್ ತುಂಬಿದ ಕೂಲರಿನಲ್ಲೇ ಒಯ್ಯಿರಿ.

ಐದು, ಮನೆಗೆ ಕರೆದು ಬಡಿಸುವವರು 21 ತುಂಬದವರಿಗೆ ಕೊಡಬೇಡಿ, ಕುಡಿದವರ ಕೈಗೆ ಕಾರಿನ ಕೀಲಿಯನ್ನೂ ಕೊಡಬೇಡಿ. ಗೊತ್ತಿರುವ ಮಾತೇ ಆದರೂ ಹಿರಿಯನಾಗಿ ಹೇಳದೆ ಇರಲಾರೆ.

ಆರನೆಯದು ಎಲ್ಲಕ್ಕಿಂತ ಮುಖ್ಯ. ನನ್ನ ಅನುಭವದಲ್ಲಿ ಅವಸರದ ಬಾಟಲಿಯ ಹಿಂದೆ ಬಹುತೇಕ ಯಾವಾಗಲೂ ಒಂದು ಹಬ್ಬವೋ ಹುಟ್ಟುಹಬ್ಬವೋ ಗೃಹಪ್ರವೇಶವೋ ಇರುತ್ತದೆ. “ಯುಗಾದಿಗೆ ನನ್ನ ಬಿಯರ್” ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತು ಕೊಟ್ಟಿರುತ್ತೀರಿ, ಆ ಮಾತು ಉಳಿಸಿಕೊಳ್ಳಲು ಬಿಯರನ್ನು ಓಡಿಸುತ್ತೀರಿ. ದಯವಿಟ್ಟು ದಿನಾಂಕ ಹೇಳಿ ಮಾತು ಕೊಡುವ ಅಭ್ಯಾಸ ಬಿಡಿ. ಹುದುಗಲು ಮೂರು ವಾರ, ಬಾಟಲಿಯಲ್ಲಿ ಮತ್ತೆರಡು ವಾರ, ಅದರ ಮೇಲೆ ಒಂದು ವಾರದ ಅಂತರ ಇಟ್ಟುಕೊಂಡು ಹಿಂದಿನಿಂದ ಎಣಿಸಿ. ಸಾಲದಿದ್ದರೆ ಅಂಗಡಿಯಿಂದ ಕೊಂಡು ತನ್ನಿ. ಕನ್ನಡ ಕೂಟಗಳ ಹಿರಿಯರೂ ಪದಾಧಿಕಾರಿಗಳೂ ಈ ಪತ್ರ ಓದುತ್ತಿದ್ದರೆ ಅವರಲ್ಲೂ ಒಂದು ವಿನಂತಿ: “ಎಲ್ಲಪ್ಪಾ ನಿನ್ನ ಬಿಯರ್?” ಎಂದು ಹುಡುಗರನ್ನು ಪೀಡಿಸಬೇಡಿ. “ಇನ್ನೂ ಆಗಿಲ್ಲ” ಎಂದು ಒಬ್ಬರು ಹೇಳಿದರೆ, ಅವರಿಗೆ ಕೆಲಸ ಗೊತ್ತಿದೆ ಎಂದು ಮೆಚ್ಚಿಕೊಳ್ಳಿ.

ಮುಂದಿನ ಸಲ ನಾವು ಭೇಟಿಯಾದಾಗ ನಾನು ಅದೇ ಪ್ರಶ್ನೆ ಕೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ಎರಡು ದಿನಾಂಕ, ಆ ಎರಡೂ ದಿನ ಬಂದ ಒಂದೇ ಸಂಖ್ಯೆ ಹೇಳಿದರೆ ಮೊದಲ ಲೋಟ ನಾನೇ ಎತ್ತುತ್ತೇನೆ. ಹೇಳದಿದ್ದರೆ ನನ್ನ ಲೋಟಕ್ಕೆ ಮಜ್ಜಿಗೆ ಸಾಕು.

ವಿಶ್ವಾಸವಿರಲಿ.

ಇಂತಿ ನಿಮ್ಮ ಹಿತೈಷಿ,
ನಿಮ್ಮಂತೆಯೇ ಬಿಯರ್ ಮಾಡುವ ಒಬ್ಬ ಹಿರಿಯ ಕನ್ನಡಿಗ
ಮಿನ್ನೆಸೋಟ